ತಿದಿ: ಊದಿದ ಉಸಿರು, ಹೊತ್ತ ಹೊರೆ

‘ತಿದಿ’ ಎಂಬ ಎರಡಕ್ಷರದ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಮ್ಮಾರನ ಕುಲುಮೆ, ಇದ್ದಿಲ ಕೆಂಡ, ಆ ಕೆಂಡವನ್ನು ಕೆರಳಿಸುತ್ತ ಉಬ್ಬಿ ಇಳಿಯುವ ತೊಗಲು. ಕುಲುಮೆಗಳು ವಿರಳವಾದ ಮೇಲೆ ಪದವೂ ನಿಘಂಟಿನೊಳಗೆ ಹೋಗಿ ಮಲಗಿತೆಂದು ಭಾವಿಸುವುದು ಸಹಜ. ಆದರೆ ಪದ ಮಲಗಿದ್ದರೂ ಪದಾರ್ಥ ಎಚ್ಚರವಾಗಿಯೇ ಇದೆ: ಬೆಂಗಳೂರಿನಿಂದ ಮಂಗಳೂರಿಗೋ ಕಲಬುರಗಿಗೋ ರಾತ್ರಿಯಿಡೀ ಓಡುವ ಬಸ್ಸಿನ ಅಚ್ಚಿಗೂ ಚಾಸಿಗೂ ನಡುವೆ, ಕಪ್ಪು ರಬ್ಬರಿನ ಮೈ ತೊಟ್ಟು, ಮಲಗಿದವರ ನಿದ್ದೆ ಕೆಡದ ಹಾಗೆ ದುಡಿಯುತ್ತಿದೆ. ಗ್ಯಾರೇಜಿನವರ ಬಾಯಲ್ಲಿ ಅದು ‘ಬೆಲ್ಲೋಸ್’, ಕೆಲವರಿಗೆ ‘ಏರ್ ಬ್ಯಾಗ್’, ಇನ್ನು ಕೆಲವರಿಗೆ ‘ಬಲೂನು’. ಇಡೀ ವ್ಯವಸ್ಥೆಯ ಹೆಸರು ‘ಏರ್ ಸಸ್ಪೆನ್ಷನ್’. ಬೆಲ್ಲೋಸ್ ಎಂದರೆ ನಮ್ಮ ತಿದಿಯೇ ಅಲ್ಲವೇ ಎಂದು ತಟ್ಟನೆ ಹೇಳಿಬಿಡಬಹುದು. ಹಾಗಿದ್ದರೂ ಊದುವುದಕ್ಕೆಂದೇ ಹುಟ್ಟಿದಂತೆ ಕಾಣುವ ತಿದಿ, ಏನನ್ನೂ ಊದದೆ ಸುಮ್ಮನೆ ಭಾರ ಹೊರುವ ಈ ಚೀಲಕ್ಕೆ ಒಪ್ಪೀತೇ? ಪದಪ್ರಿಯರಾದ ನಾವು ಸಾವಧಾನವಾಗಿ ವಿಚಾರಿಸಬೇಕಾದ ಪ್ರಶ್ನೆ ಇದು.

ಮೊದಲು ಮನೆಯೊಳಗಿನ ಸಾಕ್ಷ್ಯ. ಕನ್ನಡದಲ್ಲಿ ತಿದಿಗೆ ಸಲ್ಲುವ ಅರ್ಥಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಏಣಿ ಕಾಣಿಸುತ್ತದೆ: ತೊಗಲು, ತೊಗಲಿನಿಂದ ಮಾಡಿದ ಚೀಲ, ಗಾಳಿಯನ್ನು ಒತ್ತಿ ಹಾಯಿಸುವ ತೊಗಲಿನ ಸಾಧನ. ಪ್ರಾಣಿಯ ಮೈಮೇಲಿನ ಚರ್ಮ ಸುಲಿದ ಮೇಲೆ ಚೀಲವಾಯಿತು, ಚೀಲಕ್ಕೆ ಮೂತಿ ಕಟ್ಟಿದ ಮೇಲೆ ಉಪಕರಣವಾಯಿತು. ತುಳುವಿನಲ್ಲಿಯೂ ಅದು ತಿದಿ. ತೆಲುಗಿನಲ್ಲಿ ದಕಾರದ ಜಾಗದಲ್ಲಿ ಒತ್ತಿನ ತಕಾರ ನಿಂತು ‘ತಿತ್ತಿ’. ಕನ್ನಡಕ್ಕೂ ಈ ತಿತ್ತಿ ಅಪರಿಚಿತವಲ್ಲ. ತಮಿಳಿನಲ್ಲಿ ಅದೇ ಕೆಲಸಕ್ಕೆ ‘ತುರುತ್ತಿ’. ತೆಲುಗರು ಕುಲುಮೆಯದನ್ನು ಕೊಲಿಮಿತಿತ್ತಿ ಎಂದು ಕರೆದು ಅಷ್ಟಕ್ಕೇ ನಿಲ್ಲಲಿಲ್ಲ. ಎದೆಗೂಡಿನೊಳಗಿನ ಶ್ವಾಸಕೋಶಗಳಿಗೂ ‘ಊಪಿರಿತಿತ್ತುಲು’, ಎಂದರೆ ಉಸಿರಿನ ತಿದಿಗಳು, ಎಂಬ ಹೆಸರಿಟ್ಟರು. ನಾವು ಕೋಶವೆಂಬ ಸಂಸ್ಕೃತದ ಪೆಟ್ಟಿಗೆಯಲ್ಲಿ ಇರಿಸಿದ ಅಂಗವನ್ನು ಅವರು ದೇಸಿಯ ತೊಗಲಿನಲ್ಲಿಯೇ ಉಳಿಸಿಕೊಂಡರು. ಸತ್ತ ಚರ್ಮದ ಹೆಸರು ಬದುಕಿನ ಮೂಲವಾದ ಅಂಗಕ್ಕೆ ಸಂದದ್ದು ಅರ್ಥಸಂಚಾರದ ಸೊಗಸಾದ ನಿದರ್ಶನ.

ಇನ್ನು ತಿದಿಯ ಜೊತೆಗಾರ ಕ್ರಿಯಾಪದ. ಕೊಳಲನ್ನು ಊದುತ್ತೇವೆ, ಶಂಖವನ್ನು ಊದುತ್ತೇವೆ, ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದುತ್ತೇವೆ. ತಿದಿಯನ್ನು ಮಾತ್ರ ಒತ್ತುತ್ತೇವೆ. ತಿದಿಯೊತ್ತುವುದು ಎಂಬ ಈ ಜೋಡುಮಾತಿನಲ್ಲಿ ‘ಒತ್ತು’ ತಂದುಕೊಡುವ ಅರ್ಥಸಂಪತ್ತು ಸಣ್ಣದಲ್ಲ. ಒತ್ತು ಎಂದರೆ ಅದುಮು. ಅದರಿಂದಲೇ ಒತ್ತಡ, ಒತ್ತಾಯ. ಒತ್ತು ಎಂದರೆ ಸನಿಹ, ಪಕ್ಕ. ಒತ್ತಿಗೆ ನಿಂತವನು ನೆರವಿಗೂ ನಿಂತವನು, ಆದ್ದರಿಂದಲೇ ಒತ್ತಾಸೆ. ನಾಗಸ್ವರದ ಪಕ್ಕದಲ್ಲಿ ಕೂತು ಬಿಡದೆ ಒಂದೇ ಸ್ವರ ಹಿಡಿದು ಆಧಾರ ಕೊಡುವ ಶ್ರುತಿವಾದ್ಯದ ಹೆಸರೂ ಒತ್ತು. ಅದುಮುವುದೂ ಆಧರಿಸುವುದೂ ನಮ್ಮ ಭಾಷೆಯಲ್ಲಿ ಒಂದೇ ಸೂರಿನಡಿ ಬಾಳಿವೆ. ಒತ್ತಡವೇ ಒತ್ತಾಸೆಯಾಗುವ ಯಂತ್ರವೊಂದು ಮುಂದೆ ಬರಲಿದೆ ಎಂಬುದನ್ನು ಸದ್ಯಕ್ಕೆ ನೆನಪಿನಲ್ಲಿಟ್ಟುಕೊಂಡು ಸಂಸ್ಕೃತದ ಅಂಗಳಕ್ಕೆ ಹೋಗಿಬರೋಣ.

ಅಲ್ಲಿ ತಿದಿಗೆ ಸಮಾನವಾಗಿ ನಿಲ್ಲುವ ಪದಗಳು ಎರಡು: ದೃತಿ ಮತ್ತು ಭಸ್ತ್ರಾ. ದೃತಿ ಹಳೆಯದು, ಋಗ್ವೇದದಷ್ಟು ಹಳೆಯದು. ಐದನೆಯ ಮಂಡಲದ ಪರ್ಜನ್ಯಸೂಕ್ತದಲ್ಲಿ ಮೋಡವೇ ನೀರು ತುಂಬಿದ ದೃತಿ, ಅದನ್ನು ಬಿಚ್ಚಿ ಕೆಳಮುಖ ಮಾಡೆಂದು ಮಳೆದೇವನಿಗೆ ಬಿನ್ನಹ. ಭಸ್ತ್ರಾ ಎಂಬುದಕ್ಕೆ ಅಮರಕೋಶ ಕೊಡುವ ಪರ್ಯಾಯ ಚರ್ಮಪ್ರಸೇವಿಕಾ. ‘ಸಿವ್’ ಎಂದರೆ ಹೊಲಿ, ಆದ್ದರಿಂದ ಅದು ಹೊಲಿದ ಚರ್ಮ. ನಮ್ಮ ವಿಚಾರಕ್ಕೆ ಇದಕ್ಕಿಂತ ಮುಖ್ಯವಾದದ್ದು ಪಾಣಿನಿಯ ಸಾಕ್ಷ್ಯ. ಇಂಥದರಿಂದ ಒಯ್ಯುತ್ತಾನೆ ಎಂಬ ಅರ್ಥದಲ್ಲಿ ಪ್ರತ್ಯಯ ಹೇಳುವಾಗ ಆತ ‘ಭಸ್ತ್ರಾದಿ’ ಎಂದು ಒಂದು ಗಣವನ್ನೇ ಮಾಡುತ್ತಾನೆ. ಭಸ್ತ್ರೆಯಲ್ಲಿ ತುಂಬಿ ಒಯ್ಯುವವನು ಭಸ್ತ್ರಿಕ. ಇಲ್ಲಿ ಬೆಂಕಿಯ ಸುಳಿವಿಲ್ಲ, ಗಾಳಿಯ ಸುಳಿವೂ ಇಲ್ಲ. ಇರುವುದು ಹೊರೆ ಮತ್ತು ಹೊರುವಿಕೆ. ಭಸ್ತ್ರಾ ಮುಂದೆ ದೇಶಭಾಷೆಗಳಿಗೆ ಇಳಿದಾಗಲೂ ಈ ಇಬ್ಬಗೆ ಮುಂದುವರಿಯಿತು: ಹಿಂದಿಯಲ್ಲಿ ‘ಭಾಥೀ’ ಎಂದರೆ ತಿದಿ, ‘ಭಾಥಾ’ ಎಂದರೆ ಬಾಣ ತುಂಬುವ ಬತ್ತಳಿಕೆ, ಮರಾಠಿಯ ‘ಭಾತಾ’ ಕಮ್ಮಾರನ ಬಳಿ ಉಳಿಯಿತು. ಒಂದು ಕವಲು ಊದುತ್ತದೆ, ಇನ್ನೊಂದು ಹೊರುತ್ತದೆ.

ಊದುವ ಕವಲಿಗೆ ಹೆಚ್ಚು ಹೆಸರು ಬಂದದ್ದು ಉಸಿರಿನ ದೆಸೆಯಿಂದ. ಭಾಗವತದ ಎರಡನೆಯ ಸ್ಕಂಧದಲ್ಲಿ ಶೌನಕರು, ಬರಿದೇ ಉಸಿರಾಡುವುದೇ ಬದುಕಾದರೆ ಕಮ್ಮಾರನ ತಿದಿಯೂ ಉಸಿರಾಡುತ್ತದಲ್ಲ ಎಂಬ ಅರ್ಥದ ಪ್ರಶ್ನೆ ಎತ್ತುತ್ತಾರೆ. ಹಠಯೋಗಿಗಳು ರಭಸದ ರೇಚಕ ಪೂರಕಗಳ ಅಭ್ಯಾಸವನ್ನು ಭಸ್ತ್ರಿಕಾ ಎಂದೇ ಕರೆದರು. ರೇಚಕ ಎಂದರೆ ಹೊರಬಿಡುವುದು, ಪೂರಕ ಎಂದರೆ ತುಂಬಿಕೊಳ್ಳುವುದು. ಇವೆರಡರ ನಡುವೆ ಉಸಿರನ್ನು ಹಿಡಿದಿಡುವ ಮೂರನೆಯದು ಕುಂಭಕ. ಕುಲುಮೆಯ ತಿದಿಗೆ ಮೊದಲೆರಡು ಗೊತ್ತು, ಕುಂಭಕ ಗೊತ್ತಿಲ್ಲ. ಹಿಡಿದಿಟ್ಟರೆ ಕೆಂಡ ಆರುತ್ತದೆ.

ತಿದಿ ಕುಂಭಕ ಕಲಿತದ್ದು ಸಂಗೀತಗಾರರ ಮನೆಯಲ್ಲಿ. ದಕ್ಷಿಣದ ಜನಪದರಲ್ಲಿ ಮೇಕೆಯ ಇಡಿ ತೊಗಲಿಗೆ ಗಾಳಿ ತುಂಬಿ, ಕಂಕುಳಲ್ಲಿ ಅವುಚಿ, ಶ್ರುತಿ ಹಿಡಿಯುವ ‘ತಿತ್ತಿ’ ಎಂಬ ವಾದ್ಯವಿದೆ. ಊದುವವನು ಉಸಿರೆಳೆದುಕೊಳ್ಳುವ ಗಳಿಗೆಯಲ್ಲಿಯೂ ಚೀಲದಲ್ಲಿ ಕೂಡಿಟ್ಟ ಗಾಳಿ ನಾದವನ್ನು ಕಡಿಯಗೊಡುವುದಿಲ್ಲ. ಹಾರ್ಮೋನಿಯಮ್ಮಿನ ಒಡಲಲ್ಲಿ ಈ ಕೆಲಸ ಹಂಚಿಹೋಯಿತು: ಹಿಂದುಗಡೆ ಎಡಗೈ ಒತ್ತುವ ಮಡಿಕೆಯ ತಿದಿ ಗಾಳಿಯನ್ನು ಒಳಗೆ ತಳ್ಳುತ್ತದೆ, ಪೆಟ್ಟಿಗೆಯ ಒಳಗೆ, ಸ್ಪ್ರಿಂಗುಗಳ ಅದುಮಿಗೆ ಸಿಕ್ಕ ಇನ್ನೊಂದು ತಿದಿ ಆ ಗಾಳಿಯನ್ನು ಕೂಡಿಟ್ಟು ಒತ್ತಡವನ್ನು ಸಮವಾಗಿರಿಸುತ್ತದೆ. ಕೈ ಏರಿಳಿದರೂ ಸ್ವರ ಅಲುಗದಿರುವುದು ಈ ಎರಡನೆಯ ತಿದಿಯಿಂದ. ಕಳಿಸುವ ತಿದಿಯ ಪಕ್ಕದಲ್ಲಿ ಹಿಡಿದಿಡುವ ತಿದಿ ಹುಟ್ಟಿತು. ಅಲುಗಾಟವನ್ನು ತಾನು ನುಂಗಿಕೊಂಡು ಸ್ಥಿರತೆಯನ್ನು ಕೊಡುವ ಗುಣವೂ ಅದರೊಂದಿಗೆ ಬಂತು. ಬಸ್ಸಿನಡಿಯ ತಿದಿಗೆ ಇನ್ನು ಹೆಚ್ಚು ದೂರವಿಲ್ಲ.

ಅತ್ತ ಇಂಗ್ಲಿಷಿನಲ್ಲಿಯೂ ಕತೆ ಬೇರೆಯಲ್ಲ. ಬೆಲ್ಲೋಸ್ ಎಂಬುದು ಪ್ರಾಚೀನ ಇಂಗ್ಲಿಷಿನ ‘ಬೆಲ್ಗ್’ ಎಂಬ ಪದದ ಬಹುವಚನದಿಂದ ಬಂದದ್ದು. ಬೆಲ್ಗ್ ಎಂದರೆ ಚೀಲ, ತೊಗಲ ಚೀಲ. ಹೊಟ್ಟೆಯನ್ನು ಹೇಳುವ ‘ಬೆಲ್ಲಿ’ ಅದರ ಒಡಹುಟ್ಟು. ನಮ್ಮ ತಿದಿಯಂತೆ ಅದೂ ಚೀಲವಾಗಿ ಹುಟ್ಟಿ, ಊದುವ ಸಾಧನವಾಗಿ ಬೆಳೆದು, ದೇಹದೊಳಕ್ಕೆ ಹೆಸರು ಕಳಿಸಿದ ಪದ. ‘ಸಸ್ಪೆನ್ಷನ್’ ಎಂಬುದರ ಮೂಲ ಲ್ಯಾಟಿನ್ನಿನ ‘ಪೆಂಡೆರೆ’, ಎಂದರೆ ತೂಗುಹಾಕು. ಯುರೋಪಿನ ಹಳೆಯ ಕುದುರೆಗಾಡಿಗಳಲ್ಲಿ ಕೂರುವ ಪೆಟ್ಟಿಗೆಯನ್ನು ನಿಜವಾಗಿಯೂ ದಪ್ಪ ತೊಗಲ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ಮುಂದೆ ಉಕ್ಕಿನ ಪಟ್ಟಿಗಳು ಬಂದು ಪೆಟ್ಟಿಗೆ ಅವುಗಳ ಮೇಲೆ ಕೂತರೂ ತೂಗಿದ ಹೆಸರು ಹೋಗಲಿಲ್ಲ. ಲ್ಯಾಟಿನ್ನಿನ ಪೆಂಡೆರೆಗೆ ತೂಗುಹಾಕು ಎಂಬ ಅರ್ಥದಂತೆ ತೂಕ ಮಾಡು ಎಂಬ ಅರ್ಥವೂ ಉಂಟು. ನಮ್ಮ ‘ತೂಗು’ ಕೂಡ ಹಾಗೆಯೇ, ತೊಟ್ಟಿಲನ್ನೂ ತೂಗುತ್ತದೆ, ತಕ್ಕಡಿಯನ್ನೂ ತೂಗುತ್ತದೆ. ಉಕ್ಕಿನ ಪಟ್ಟಿಗೆ ನಮ್ಮ ಲಾರಿಯವರು ಕೊಟ್ಟ ಹೆಸರು ‘ಕಮಾನು’. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ಬಾಗಿದ್ದಕ್ಕೆ ಬಿಲ್ಲಿನ ಹೆಸರು, ಸರಿಯಾಗಿಯೇ ಒಪ್ಪಿತು.

ಗಾಳಿಗೂ ಬಿಲ್ಲಿನ ಈ ಗುಣ ಉಂಟೆಂದು ಸ್ಪಷ್ಟವಾಗಿ ಹೇಳಿದವನು ರಾಬರ್ಟ್ ಬಾಯ್ಲ್. 1660ರಲ್ಲಿ ಹೊರತಂದ ಗ್ರಂಥದ ಹೆಸರಿನಲ್ಲಿಯೇ ಆತ ‘ಗಾಳಿಯ ಸ್ಪ್ರಿಂಗ್’ ಎಂಬ ಮಾತನ್ನು ಇಟ್ಟ. 1662ರ ಎರಡನೆಯ ಆವೃತ್ತಿಯಲ್ಲಿ, ಗಾಳಿಯನ್ನು ಅರ್ಧ ಜಾಗಕ್ಕೆ ಒತ್ತಿದರೆ ಅದರ ಒತ್ತಡ ಇಮ್ಮಡಿಸುತ್ತದೆ ಎಂಬ ನಿಯಮ ಕಾಣಿಸಿಕೊಂಡಿತು. ನಿಧಾನವಾಗಿ ಒತ್ತಿದರೆ ಇಮ್ಮಡಿ. ರಸ್ತೆಯ ಗುಂಡಿಯಂತೆ ದಿಢೀರನೆ ಒತ್ತಿದರೆ, ಹುಟ್ಟಿದ ಬಿಸಿ ಹೊರಹೋಗಲು ಪುರಸೊತ್ತಿಲ್ಲದೆ ಒತ್ತಡ ಸುಮಾರು 2.6 ಪಟ್ಟು ಏರುತ್ತದೆ. ಒತ್ತಿದಷ್ಟೂ ಬಿರುಸಾಗುವ ಈ ಸ್ವಭಾವವನ್ನು ಗಾಡಿಯಡಿಗೆ ಕಟ್ಟುವ ಯೋಚನೆಗೆ ಅಮೆರಿಕದ ವಿಲಿಯಂ ಹಂಫ್ರೀಸ್ 1901ರಲ್ಲಿ ಪೇಟೆಂಟು ಪಡೆದ. ಆದರೆ ಗಾಳಿ ಸೋರದ, ಲಕ್ಷಗಟ್ಟಲೆ ಬಾರಿ ಮಡಿಸಿದರೂ ಬಿರಿಯದ ಚೀಲ ಸಿಗಲು ಟೈರಿನ ವಿದ್ಯೆ ಬೆಳೆಯಬೇಕಾಯಿತು. 1953ರ ಹೊತ್ತಿಗೆ ಜನರಲ್ ಮೋಟಾರ್ಸ್‌ನ ದೂರಪ್ರಯಾಣದ ಬಸ್ಸುಗಳಲ್ಲಿ ಅದು ನೆಲೆಯೂರಿತು. 1955ರಲ್ಲಿ ಫ್ರಾನ್ಸಿನ ಸಿಟ್ರೋಯೆನ್ ಡಿಎಸ್ ಕಾರಿನಲ್ಲಿ, ಪಾಲ್ ಮಾಝೆಸ್ ರೂಪಿಸಿದಂತೆ, ಲೋಹದ ಗೋಳದೊಳಗಿನ ಸಾರಜನಕವೂ ಎಣ್ಣೆಯೂ ಸೇರಿ ಅದೇ ಕೆಲಸಕ್ಕೆ ಬೇರೊಂದು ದಾರಿ ಹಿಡಿದವು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿಗೂ ಗಾಳಿಯ ತಿದಿಗಳನ್ನು ಕೊಟ್ಟರು. ಗಾಳಿ ಸೋರುತ್ತಿದ್ದುದರಿಂದ ಹಲವು ಮಾಲೀಕರು ಅವನ್ನು ಕಿತ್ತು ಉಕ್ಕಿನ ಸುರುಳಿ ಹಾಕಿಸಿಕೊಂಡರು. ನಮ್ಮ ನಾಡಿನ ಪ್ರಯಾಣಿಕರಿಗೆ ಈ ಸುಖದ ಪರಿಚಯವಾದದ್ದು ಬಹುಮಟ್ಟಿಗೆ 2000ದ ದಶಕದಲ್ಲಿ, ಕೆಎಸ್‌ಆರ್‌ಟಿಸಿಯ ಐರಾವತ ಮತ್ತು ಬಿಎಂಟಿಸಿಯ ವಜ್ರ ಎಂಬ ಹೆಸರು ಹೊತ್ತ ವೋಲ್ವೋ ಬಸ್ಸುಗಳಿಂದ. ಐರಾವತದ ಮೊದಲಕ್ಷರದಲ್ಲಿ ‘ಏರ್’ ಕೇಳಿಸಿದರೂ ನಂಟಿಲ್ಲ. ಇರಾ ಎಂದರೆ ನೀರು, ಇರಾವತ್ ಎಂದರೆ ನೀರುಳ್ಳದ್ದು, ಅದರಿಂದ ಐರಾವತ.

ಈಗ ಆ ತಿದಿಯ ಬಳಿಗೇ ಹೋಗಿ ಅದು ದುಡಿಯುವ ಬಗೆಯನ್ನು ನೋಡೋಣ. ಅದರ ಮೈ ನೈಲಾನ್ ನೂಲಿನ ಪದರಗಳನ್ನು ಒಳಗಿಟ್ಟು ಬೇಯಿಸಿದ ರಬ್ಬರು, ಹೊಲಿಗೆಯಿಲ್ಲದ ಚರ್ಮಪ್ರಸೇವಿಕೆ. ಒಂದು ಜಾತಿಯದು ಎರಡು ಮೂರು ಉಬ್ಬುಗಳ ಮಡಿಕೆಯುಳ್ಳದ್ದು, ಹಾರ್ಮೋನಿಯಮ್ಮಿನ ತಿದಿಯ ನೇರ ವಂಶ. ಇನ್ನೊಂದು ಕೆಳಗಿನ ಪಿಸ್ಟನ್ನಿನ ಮೇಲೆ ತನ್ನ ಅಂಚನ್ನು ತಾನೇ ಹೊರಳಿಸುತ್ತ ಏರಿಳಿಯುವ ತೋಳಿನಂಥದ್ದು. ಎರಡು ಅಚ್ಚಿನ ಬಸ್ಸಿನಲ್ಲಿ ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ನಾಲ್ಕು. ಎಂಜಿನ್ನಿನಿಂದ ತಿರುಗುವ ಕಂಪ್ರೆಸರು ಗಾಳಿಯನ್ನು ಅದುಮಿ, ಡ್ರೈಯರಿನಲ್ಲಿ ತೇವ ಕಳೆದು, ಟ್ಯಾಂಕಿಗೆ ತುಂಬುತ್ತದೆ. ಅದೇ ಗಾಳಿ ಬ್ರೇಕಿಗೂ ಬೇಕು, ಮೊದಲ ಪಾಲು ಬ್ರೇಕಿನದೇ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ‘ಏರ್ ತುಂಬಲಿ’ ಎಂದು ಡ್ರೈವರು ಕಾಯುವುದು ಇದಕ್ಕೇ. ಕುಲುಮೆಯ ಪಾಲಿಗೆ ನೋಡಿದರೆ ನಿಜವಾಗಿ ತಿದಿಯೊತ್ತುವ ಕೆಲಸ ಈಗ ಕಂಪ್ರೆಸರಿನದು. ಹೆಸರು ಮಾತ್ರ ಚೀಲದ ಬಳಿ ಉಳಿಯಿತು, ಏಕೆಂದರೆ ಹೆಸರು ಮೊದಲಿನಿಂದಲೂ ಚೀಲದ್ದೇ ಆಗಿತ್ತು.

ತಿದಿ ಹೊರುವ ಲೆಕ್ಕ ಸರಳ: ಎಷ್ಟು ವಿಸ್ತಾರವೋ ಅದನ್ನು ಒತ್ತಡದಿಂದ ಗುಣಿಸಿದಷ್ಟು ಭಾರ. 30 ಸೆಂಟಿಮೀಟರು ವ್ಯಾಸದ ತಿದಿಯ ಮುಖ ಸುಮಾರು 700 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡವಿದ್ದರೆ ಅದು ಹೊರುವುದು 1,400 ಕಿಲೋ, ಒತ್ತಡ 4 ಕಿಲೋಗೆ ಏರಿದರೆ 2,800 ಕಿಲೋ. ಮೇಲಿನ ಒತ್ತನ್ನು ಕೆಳಗಿನಿಂದ ಒತ್ತಿ ಎತ್ತಿಹಿಡಿಯುವ ಈ ಗಾಳಿಯಲ್ಲಿ ಒತ್ತಡವೂ ಒತ್ತಾಸೆಯೂ ಬೇರೆಯಾಗಿ ಉಳಿದಿಲ್ಲ. ಭಾರಕ್ಕೆ ತಕ್ಕ ಒತ್ತಡ ಕೊಡುವ ವಿವೇಕ ‘ಲೆವೆಲಿಂಗ್ ವಾಲ್ವ್’ ಎಂಬ ಪುಟ್ಟ ಕವಾಟದ್ದು. ಅದು ಚಾಸಿಗೆ ಅಂಟಿಕೊಂಡಿರುತ್ತದೆ, ಅದರ ಸಣ್ಣ ಸನ್ನೆಗೋಲು ಅಚ್ಚಿಗೆ ಕಟ್ಟಿರುತ್ತದೆ. ಜನ ಹತ್ತಿದರು, ಚಾಸಿ ಕುಸಿಯಿತು, ಸನ್ನೆಗೋಲು ಮೇಲೆದ್ದಿತು, ಕವಾಟ ತೆರೆದು ಟ್ಯಾಂಕಿನ ಗಾಳಿ ತಿದಿಗೆ ನುಗ್ಗಿತು, ಮೊದಲಿನ ಎತ್ತರ ಬಂದೊಡನೆ ಮುಚ್ಚಿಕೊಂಡಿತು: ಇದು ಪೂರಕ. ಜನ ಇಳಿದರು, ಚಾಸಿ ಏರಿತು, ಹೆಚ್ಚಿದ ಗಾಳಿ ಬುಸ್ಸೆಂದು ಹೊರಗೆ ಹೋಯಿತು: ಇದು ರೇಚಕ. ಎರಡರ ನಡುವೆ, ಓಡುವ ಹೊತ್ತಿನಲ್ಲೆಲ್ಲ ಕುಂಭಕ. ಒಂದೊಂದು ಗುಂಡಿಗೂ ಕವಾಟ ಬಾಯಿ ತೆರೆಯದಂತೆ ಅದಕ್ಕೆ ತುಸು ಸಾವಕಾಶದ ಸ್ವಭಾವ ಕೊಟ್ಟಿರುತ್ತಾರೆ. ಇಂಥ ಕವಾಟಗಳು ಬಸ್ಸಿಗೆ ಹೆಚ್ಚಾಗಿ ಮೂರು. ಒಂದು ಸಮತಲ ನಿಲ್ಲಲು ಮೂರು ಬಿಂದು ಸಾಕು, ನಾಲ್ಕಾದರೆ ಒಂದರೊಡನೊಂದು ಜಗ್ಗಾಡುತ್ತವೆ. ತಿದಿಯೊಳಗಿನ ಒತ್ತಡವನ್ನು ಮಾಪಕದಲ್ಲಿ ಓದಿದರೆ ಹೇರಿದ ಭಾರವೂ ತಿಳಿಯುತ್ತದೆ, ಲಾರಿಗಳಲ್ಲಿ ಅದಕ್ಕೆಂದೇ ಮಾಪಕ ಇಡುವುದುಂಟು. ತೂಗಿಹಿಡಿಯುವುದೂ ತೂಕ ಹೇಳುವುದೂ ಒಂದೇ ಯಂತ್ರದಲ್ಲಿ ಮತ್ತೆ ಕೂಡಿದವು.

ಕಮಾನಿಗೂ ತಿದಿಗೂ ಇರುವ ಅಂತರ ಇಲ್ಲಿಯೇ. ಕಮಾನಿನ ಬಿರುಸು ಒಮ್ಮೆ ಕಟ್ಟಿದರೆ ಕಟ್ಟಿದ್ದೇ. ತುಂಬಿದ ಹೊರೆಗೆಂದು ಕಟ್ಟಿದ ಕಮಾನು ಖಾಲಿ ಗಾಡಿಯಲ್ಲಿ ಎತ್ತೆತ್ತಿ ಹಾಕುತ್ತದೆ. ತಿದಿಯ ಬಿರುಸು ಹೊರೆಯೊಡನೆ ಏರಿ ಹೊರೆಯೊಡನೆ ಇಳಿಯುವುದರಿಂದ, ಖಾಲಿಯಿರಲಿ ತುಂಬಿರಲಿ, ಗಾಡಿಯ ತೂಗಾಟ ಸೆಕೆಂಡಿಗೆ ಸುಮಾರು 1ರಿಂದ 1.5 ಏರಿಳಿತದ ಸುಖದ ಲಯದಲ್ಲಿಯೇ ಉಳಿಯುತ್ತದೆ. ತಿದಿಗೆ ಆಗದ ಕೆಲಸಗಳೂ ಉಂಟು. ಅದು ಹೊರುತ್ತದೆ, ಅಚ್ಚನ್ನು ಅತ್ತಿತ್ತ ಸರಿಯದಂತೆ ಹಿಡಿಯಲಾರದು. ಆ ಕೆಲಸಕ್ಕೆ ಉಕ್ಕಿನ ರಾಡುಗಳು ಬೇಕು. ಅದು ಕುಲುಕನ್ನು ಮೆದುವಾಗಿಸುತ್ತದೆ, ಎದ್ದ ಓಲಾಟವನ್ನು ತಾನೇ ಅಡಗಿಸಲಾರದು. ಅದಕ್ಕೆ ಶಾಕ್ ಅಬ್ಸಾರ್ಬರು ಬೇಕು. ಗಾಳಿ ಹೋದ ದಿನ ಗಾಡಿ ‘ಕೂತುಬಿಡುತ್ತದೆ’. ಅಂದಿನ ಮಟ್ಟಿಗೆ ಆಸರೆ ಒಳಗಿನ ರಬ್ಬರಿನ ಗಟ್ಟಿ ಗುಬಟು. ನಗರದ ತಗ್ಗುನೆಲದ ಕೆಲವು ಬಸ್ಸುಗಳಲ್ಲಿ ಡ್ರೈವರು ಬೇಕೆಂದೇ ಬಾಗಿಲ ಪಕ್ಕದ ತಿದಿಗಳ ಗಾಳಿ ಬಿಟ್ಟು, ಹತ್ತುವ ವೃದ್ಧರ ಕಾಲಿಗೆ ಮೆಟ್ಟಿಲನ್ನು ತಗ್ಗಿಸಿಕೊಡಬಹುದು. ಬಗ್ಗಿ ಹತ್ತಿಸಿಕೊಳ್ಳುವ ಈ ಸೌಜನ್ಯ ಉಕ್ಕಿನ ಕಮಾನಿಗೆ ಸಾಧ್ಯವಿಲ್ಲ.

ಹೀಗೆ ನೋಡಿದರೆ ತಿದಿಯ ಬಾಳಿನಲ್ಲಿ ಊದುವಿಕೆ ನಡುವೆ ಬಂದ ಒಂದು ದೀರ್ಘ ಉದ್ಯೋಗ. ಪದದ ತಿರುಳಿನಲ್ಲಿ ಇರುವುದು, ಬಾಗುವ ಮೈಯೊಳಗೆ ಹಿಡಿತಕ್ಕೆ ಸಿಗದ ಒಂದನ್ನು ಹಿಡಿದಿಟ್ಟು ಅದರಿಂದ ದುಡಿಸಿಕೊಳ್ಳುವ ಚೀಲ. ವೇದದ ದೃತಿಯಲ್ಲಿ ಅದು ನೀರು, ಕುಲುಮೆಯಲ್ಲೂ ವಾದ್ಯದಲ್ಲೂ ಬಸ್ಸಿನಲ್ಲೂ ಗಾಳಿ. ಹೊರುವುದು ಅದಕ್ಕೆ ಹೊಸದಲ್ಲ. ಪಾಣಿನಿಯ ಭಸ್ತ್ರಿಕನ ಹೆಗಲ ಮೇಲೆ ಆಗಲೇ ಇದ್ದದ್ದು. ಬಸ್ಸಿನಡಿಯ ರಬ್ಬರು ಚೀಲಕ್ಕೆ ತಿದಿಯೆಂದರೆ ಪದವನ್ನು ಎಳೆದು ಹಿಗ್ಗಿಸಿದಂತಾಗುವುದಿಲ್ಲ, ಅದರ ಹಳೆಯ ಅರ್ಥಕ್ಕೆ ಮರಳಿದಂತಾಗುತ್ತದೆ. ‘ಗಾಳಿಚೀಲ’ ಎಂಬ ಸುಲಭದ ಮಾತಿಗಿಂತ ಇದು ಮೇಲು. ಗಾಳಿಚೀಲವೆಂದರೆ ಅಪಘಾತದಲ್ಲಿ ಸ್ಟೀರಿಂಗಿನಿಂದ ಚಿಮ್ಮುವ ಏರ್‌ಬ್ಯಾಗಿನೊಡನೆ ಬೆರೆತುಹೋಗುತ್ತದೆ, ಚೀಲವೆಂಬ ಮಾತಿಗೆ ಮಡಿಕೆಯ ಏರಿಳಿತದ ನೆನಪೂ ಇಲ್ಲ. ಸಮಾಸ ಬೇಕೆನಿಸಿದರೆ ‘ಗಾಳಿತಿದಿ’ ಎನ್ನಬಹುದು. ಮಳೆಗಾಲ, ಬೆಟ್ಟದಾವರೆಗಳ ಜಾಡಿನಲ್ಲಿ ಆದೇಶಸಂಧಿ ಮಾಡಿದರೆ ‘ಗಾಳಿದಿದಿ’ ಆಗಬೇಕು. ಆದರೆ ಎರಡು ದಕಾರಗಳು ಒಂದರ ಮೇಲೊಂದು ಬಿದ್ದು ಪದದ ಮುಖವೇ ಮರೆಯಾಗುವುದರಿಂದ, ಸಂಧಿಯನ್ನು ಬಿಟ್ಟು ತಕಾರವನ್ನು ಉಳಿಸಿಕೊಳ್ಳುವುದೇ ಲೇಸು.

ಗ್ಯಾರೇಜಿನಲ್ಲಿ ಬೆಲ್ಲೋಸ್ ಎಂಬುದೇ ನಡೆಯಲಿ. ಕೈಗೆ ಎಣ್ಣೆ ಮೆತ್ತಿಕೊಂಡವರ ಮಾತಿಗೆ ಅದರದೇ ಹಕ್ಕುಂಟು. ನಾವು ಬರೆಯುವಾಗ, ಪಾಠ ಹೇಳುವಾಗ, ಪಾಲಿಟೆಕ್ನಿಕ್ಕಿನ ಹುಡುಗರಿಗೆ ಕನ್ನಡದಲ್ಲಿ ಯಂತ್ರ ವಿವರಿಸುವಾಗ ತಿದಿಯನ್ನು ಬಳಸೋಣ. ಮುಂದಿನ ನಿಘಂಟುಕಾರರು ತೊಗಲು, ತೊಗಲ ಚೀಲ, ಗಾಳಿಯೊತ್ತುವ ಸಾಧನ ಎಂಬ ಮೂರು ಅರ್ಥಗಳ ಕೆಳಗೆ ನಾಲ್ಕನೆಯದೊಂದನ್ನು ಸೇರಿಸಲಿ: ವಾಹನದ ಅಚ್ಚಿಗೂ ಚಾಸಿಗೂ ನಡುವೆ ಇರಿಸಿದ, ಗಾಳಿ ತುಂಬಿದ ರಬ್ಬರಿನ ಚೀಲ. ಹೊರೆಗೆ ತಕ್ಕಂತೆ ಒಳಗಿನ ಒತ್ತಡ ಏರಿಳಿದು ಗಾಡಿಯ ಎತ್ತರವನ್ನು ಒಂದೇ ಮಟ್ಟದಲ್ಲಿ ಕಾಯುವಂಥದ್ದು.